ಹಿಟ್ಟು ಹಾಕಿದ ಮೇಲೆ ಕೈ ಸುಮ್ಮನಿರಲಿ

ಮೊನ್ನೆ ತಂಗಿ ಮಗಳ ಮನೆಗೆ ಹೋಗಿದ್ದೆ. ದೊಡ್ಡಮ್ಮ ಬಂದಿದ್ದಾರೆ ಅಂತ ಪ್ರೀತಿಯಿಂದಲೇ ಮುದ್ದೆ ಮಾಡೋಕೆ ನಿಂತಳು. ಎಸರು ಇನ್ನೂ ಮಳ್ಳಿಲ್ಲ, ಪಾತ್ರೆ ಅಂಚಿನಲ್ಲಿ ಸಣ್ಣ ಗುಳ್ಳೆ ಏಳ್ತಿದೆ ಅಷ್ಟೆ, ಆಗಲೇ ಹಿಟ್ಟು ಸುರಿದುಬಿಟ್ಟಳು. ಸುರಿದವಳು ಸುಮ್ಮನಾದರೂ ಇದ್ದಳಾ? ಮೊಟ್ಟೆ ಕದಡೋ ತಂತಿ ಸೌಟು ತಗೊಂಡು ಗರಗರ ತಿರುಗಿಸಿದಳು. ತಟ್ಟೆಗೆ ಬಂದ ಮುದ್ದೆ ಮುರಿದರೆ ಒಳಗೆ ಗೋಲಿ ಗಾತ್ರದ ಗಂಟು, ಗಂಟು ಒಡೆದರೆ ಒಣ ಹಿಟ್ಟು. "ನಂಗೆ ಮುದ್ದೆ ಕೈಗೆ ಹತ್ತಲ್ಲ ದೊಡ್ಡಮ್ಮ" ಅಂತಾಳೆ. ಯಾಕೆ ಹತ್ತಲ್ಲ? ಎರಡು ನಿಮಿಷದ ವಿಡಿಯೊ ನೋಡಿ ಕಲಿತರೆ ಹತ್ತಲ್ಲ. ಪಕ್ಕದಲ್ಲಿ ನಿಂತು ಹೇಳೋರು ಇಲ್ಲ ಅಂದಮೇಲೆ ಬರೆದಾದರೂ ಇಡೋಣ ಅಂತ ಕೂತಿದೀನಿ.

ಮೊದಲು ಹಿಟ್ಟಿನ ಮಾತು. ರಾಗಿ ಕಾಳು ವರ್ಷಗಟ್ಟಲೆ ಕೆಡಲ್ಲ. ನಮ್ಮ ತವರಿನಲ್ಲಿ ಹಗೇವು ಇತ್ತು, ನೆಲದೊಳಗೆ ರಾಗಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ತೆಗೆದ ದಿನ ಯಾರನ್ನೂ ತಕ್ಷಣ ಒಳಗೆ ಇಳಿಸುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಪ್ರಾಣ ತೆಗೆಯುತ್ತೆ ಅಂತ ಅಪ್ಪ ದೀಪ ಇಳಿಬಿಟ್ಟು ನೋಡೋರು, ದೀಪ ಆರಿದರೆ ಇನ್ನೂ ಕಾಯಬೇಕು. ಅಷ್ಟು ಬಾಳೋ ರಾಗಿ, ಹಿಟ್ಟಾದ ಮೇಲೆ ಬಾಳಲ್ಲ. ತಿಂಗಳಾನುಗಟ್ಟಲೆ ಪಾಕೀಟಿನಲ್ಲಿ ಕೂತ ಹಿಟ್ಟು ಮುಗ್ಗಲು ವಾಸನೆ ಬರುತ್ತೆ, ನಾಲಿಗೆಗೆ ಕಹಿ ತಾಗುತ್ತೆ. ಹದಿನೈದು ದಿನಕ್ಕಾಗೋಷ್ಟು ಮಾತ್ರ ಬೀಸಿಸಿ. ಮಿಲ್ಲಿನಿಂದ ಬಂದ ಹಿಟ್ಟು ಬಿಸಿ ಇರುತ್ತೆ, ಮೊರದಲ್ಲೋ ಒಣ ಬಟ್ಟೆ ಮೇಲೋ ಹರಡಿ ಪೂರಾ ಆರಿಸಿ ಆಮೇಲೆ ಡಬ್ಬಕ್ಕೆ ಹಾಕಿ. ಬಿಸಿಯಲ್ಲೇ ಮುಚ್ಚಳ ಹಾಕಿ ಆಮೇಲೆ ಹುಳ ಬಿತ್ತು ಅಂತ ಅಂಗಡಿಯವನನ್ನು ಬೈಯಬೇಡಿ.

ಅಳತೆ ಎಷ್ಟು ಅಂತ ಕೇಳ್ತೀರಿ. ಒಂದು ಪಾವು ಹಿಟ್ಟಿಗೆ ಹೆಚ್ಚುಕಮ್ಮಿ ಎರಡು ಪಾವು ನೀರು ಅನ್ನಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ಹಳೇ ರಾಗಿ ಹೆಚ್ಚು ನೀರು ಕುಡಿಯುತ್ತೆ, ಹೊಸದು ಕಮ್ಮಿ. ತಳಿಯಿಂದ ತಳಿಗೂ ವ್ಯತ್ಯಾಸ. ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಗೂ ನಮ್ಮ ರಾಗಿಗೂ ಕೂಡಿಸಿ ಇಂಡಾಫ್ ತಳಿ ತಂದರಲ್ಲ, ಅದು ಮನೆಗೆ ಬಂದ ಮೊದಲ ವರ್ಷ ನಮ್ಮತ್ತೆ ಒಂದು ವಾರ ನೀರಿನ ಹದ ಹುಡುಕಿದರು. ನೀರು ಹೆಚ್ಚಾಯ್ತು ಅನ್ನಿಸಿದರೆ ಎಸರು ಮಳ್ಳುವಾಗಲೇ ಒಂದು ಲೋಟ ಬಗ್ಗಿಸಿ ಪಕ್ಕಕ್ಕಿಟ್ಟುಕೊಳ್ಳಿ. ಬೇಕಾದರೆ ಆಮೇಲೆ ಹಾಕಬಹುದು. ಹಾಕಿಬಿಟ್ಟ ನೀರನ್ನು ತೆಗೆಯೋಕಾಗಲ್ಲ.

ಈಗ ನಾನು ಹೇಳಬೇಕು ಅಂತಿದ್ದದ್ದು. ದಪ್ಪ ತಳದ, ಆಳವಾದ ಪಾತ್ರೆಯಲ್ಲಿ ಎಸರಿಡಿ, ಚಿಟಿಕೆ ಉಪ್ಪು ಹಾಕಿ. ಒಂದು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ ಎಸರಿಗೆ ಹುಯ್ಯಿರಿ. ಇದನ್ನೇ ಈಗಿನವರು ಬಿಡೋದು. ಇದರಿಂದ ನೀರಿಗೆ ಒಂದಿಷ್ಟು ಜಿಗುಟು ಬರುತ್ತೆ, ಆಮೇಲೆ ಹಾಕೋ ಹಿಟ್ಟು ಚೆದುರದೆ ಮೇಲೆ ಗುಡ್ಡೆಯಾಗಿ ಕೂರುತ್ತೆ. ನಮ್ಮ ಕಡೆ ಒಂದು ಹಿಡಿ ಅಕ್ಕಿ ನುಚ್ಚು ಹಾಕಿ ಬೇಯಿಸಿಕೊಳ್ಳೋದೂ ಉಂಟು. ಗಂಜಿ ಉಕ್ಕಿ ಮೇಲೆ ಬರಬೇಕು. ಉಕ್ಕಿ ಬಂದಾಗ ಹಿಟ್ಟನ್ನೆಲ್ಲ ಒಂದೇ ಸಲ ನಡುವೆ ಗುಡ್ಡೆ ಹಾಕಿ. ಕೋಲಿನ ತುದಿಯಿಂದ ಗುಡ್ಡೆ ಮಧ್ಯೆ ತಳ ಮುಟ್ಟೋ ಹಾಗೆ ಒಂದು ತೂತು ಮಾಡಿ. ಉರಿ ಸಣ್ಣ ಮಾಡಿ. ಆಮೇಲೆ ಮುಟ್ಟಬೇಡಿ.

ಮುಟ್ಟಬೇಡಿ ಅಂದರೆ ಮುಟ್ಟಬೇಡಿ. ಒಣ ಹಿಟ್ಟಿರುವಾಗ ಕೆದಕಿದರೆ ಪ್ರತಿ ಉಂಡೆಯ ಹೊರಗಡೆ ಮಾತ್ರ ಬೆಂದು ಅಂಟಾಗುತ್ತೆ, ಆ ಅಂಟು ದಾಟಿ ಒಳಗೆ ನೀರು ಹೋಗಲ್ಲ. ಅದೇ ಗಂಟು. ಸುಮ್ಮನೆ ಬಿಟ್ಟರೆ ಸುತ್ತ ಅಂಚಿನಿಂದಲೂ ನಡುವಿನ ತೂತಿನಿಂದಲೂ ನೀರು ಕುದಿದು ಮೇಲೆ ಬಂದು ಹಿಟ್ಟಿನ ಮೇಲೆ ಹರಿಯುತ್ತೆ, ಹಬೆ ಒಳಗೆ ಹೊಗುತ್ತೆ. ತೂತಿನಲ್ಲಿ ಪುಸ್ ಪುಸ್ ಅಂತ ಸದ್ದು ಬರುತ್ತೆ, ಆ ಸದ್ದು ಕೇಳ್ತಾ ನಿಂತಿರಿ. ನಮ್ಮತ್ತೆ ಈ ಹೊತ್ತಿನಲ್ಲಿ ನನ್ನ ಕೈಗೆ ಬೆಳ್ಳುಳ್ಳಿ ಕೊಟ್ಟು ಸುಲಿಯೋಕೆ ಕೂರಿಸೋರು, ಹತ್ತು ಹನ್ನೆರಡು ಎಸಳು ಸುಲಿಯೋ ಹೊತ್ತಿಗೆ ಹಿಟ್ಟು ಬೆಂದಿರುತ್ತೆ. ಹಿಟ್ಟಿನ ಬಿಳಿ ಹೋಗಿ ಕಪ್ಪು ಬಣ್ಣಕ್ಕೆ ತಿರುಗಬೇಕು, ಹಸಿ ವಾಸನೆ ಹೋಗಿ ಬೆಂದ ರಾಗಿ ಘಮ ಬರಬೇಕು. ಆಗ ಪಾತ್ರೆ ಇಳಿಸಿ.

ತೊಳಸೋಕೆ ಮರದ ಹಿಟ್ಟಿನ ಕೋಲೇ ಬೇಕು. ಮೊದಲೆಲ್ಲ ಕವೆಗೋಲಲ್ಲಿ ಮಡಕೆ ಅದುಮಿ ಹಿಡೀತಿದ್ದೆವು, ನೀವು ನೆಲದ ಮೇಲೆ ಗೋಣಿತಾಟು ಹಾಕಿ ಪಾತ್ರೆ ಇಟ್ಟು, ಮಸಿಬಟ್ಟೆಯಲ್ಲಿ ಅಂಚು ಗಟ್ಟಿಯಾಗಿ ಹಿಡೀರಿ. ಸುಮ್ಮನೆ ದುಂಡಗೆ ತಿರುಗಿಸಿದರೆ ಪ್ರಯೋಜನ ಇಲ್ಲ. ಹಿಟ್ಟನ್ನು ಪಾತ್ರೆ ಗೋಡೆಗೆ ಒತ್ತಿ ಒತ್ತಿ ನಾದಬೇಕು, ರಟ್ಟೆ ನೋಯಬೇಕು. ಒಂದು ಸುತ್ತು ತೊಳಸಿ, ಅಂಗೈಯಷ್ಟು ಬಿಸಿನೀರು ಚಿಮುಕಿಸಿ, ಮತ್ತೆ ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಹಬೆ ಬರಿಸಿ, ಮತ್ತೊಂದು ಸುತ್ತು ತೊಳಸಿ. ಒದ್ದೆ ಬೆರಳಿಂದ ಮುಟ್ಟಿದರೆ ಅಂಟಬಾರದು. ನೀರು ಸವರಿದ ಹಲಗೆ ಮೇಲೆ ಬಗ್ಗಿಸಿ, ಕೈ ಒದ್ದೆ ಮಾಡಿಕೊಂಡು, ಬಿಸಿ ಇರೋವಾಗಲೇ ಕಟ್ಟಿ.

ಮಸಿಬಟ್ಟೆ ಅಂದೆ, ಅದನ್ನೂ ಹೇಳಿಬಿಡ್ತೀನಿ. ಎಷ್ಟು ಮನೆಯಲ್ಲಿ ನೋಡಿದೀನಿ, ಅದೇ ಒಂದು ಬಟ್ಟೆ, ಪಾತ್ರೆ ಇಳಿಸೋಕೂ ಅದೇ, ಕಟ್ಟೆ ಒರೆಸೋಕೂ ಅದೇ, ಜಿಡ್ಡು ಕಟ್ಟಿ ನಾರ್ತಾ ಇರುತ್ತೆ. ವಾರಕ್ಕೊಂದು ಸಲ ವಾಷಿಂಗ್ ಸೋಡ ಹಾಕಿ ಕುದಿಸಿ ಬಿಸಿಲಿಗೆ ಹಾಕಿ. ಒದ್ದೆ ಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿಯಲೂ ಬೇಡಿ, ಹಬೆಗೆ ಕೈ ಸುಡುತ್ತೆ. ಹಿಟ್ಟಿನ ಕೋಲನ್ನೂ ಸಿಂಕಿನಲ್ಲಿ ನೆನೆಹಾಕಬೇಡಿ, ಉಜ್ಜಿ ತೊಳೆದು ತಲೆಕೆಳಗಾಗಿ ನಿಲ್ಲಿಸಿ. ನಮ್ಮ ಮನೆ ಕೋಲು ನನ್ನ ಮದುವೆಗಿಂತ ಹಳೇದು.

ನಮ್ಮ ಬೀದಿಯಲ್ಲಿ ಕಾವಲಿಗಿರೋ ನೇಪಾಳದ ಹುಡುಗನ ಹೆಂಡತಿ ಒಂದು ದಿನ ನಮ್ಮನೆ ರಾಗಿ ಹಿಟ್ಟು ನೋಡಿ, "ಇದು ಕೋದೊ ಅಲ್ವಾ ಅಜ್ಜಿ" ಅಂದಳು. ಅವರ ಬೆಟ್ಟದಲ್ಲೂ ರಾಗಿ ಬೆಳೀತಾರಂತೆ, ಅದರಲ್ಲಿ ಢಿಂಡೊ ಅಂತ ಮಾಡ್ತಾರಂತೆ. ನಮ್ಮ ಒಲೆ ಮೇಲೇ ಮಾಡಿಸಿದೆ. ಅವಳು ಕುದಿಯೋ ನೀರಿಗೆ ಹಿಟ್ಟನ್ನು ಸ್ವಲ್ಪ ಸ್ವಲ್ಪ ಉದುರಿಸ್ತಾ ಮೊದಲಿಂದ ಕೊನೇವರೆಗೂ ಮರದ ಸೌಟಲ್ಲಿ ಕದಡ್ತಾನೇ ಇದ್ದಳು. ಕೈ ನಿಲ್ಲಿಸಲೇ ಇಲ್ಲ. ಗಂಟಾಗಲಿಲ್ಲ, ಯಾಕೆಂದರೆ ಒಂದು ಸಲಕ್ಕೆ ಒಂದು ಚಿಟಿಕೆ ಹಿಟ್ಟೇ ಬೀಳ್ತಿತ್ತು. ಅದೂ ಸರಿಯಾದ ದಾರಿಯೇ. ಊರಲ್ಲಿ ಅದನ್ನು ಗುಂದ್ರುಕ್ ಅನ್ನೋ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರಲ್ಲಿ ತಿಂತಾರಂತೆ, ಅವಳಿಗೆ ಅವತ್ತು ನಮ್ಮ ಬಸ್ಸಾರು ಬಡಿಸಿದೆ. ರಾಯಲಸೀಮೆಯವರ ಸಂಗಟಿ, ತಮಿಳರ ಕಳಿ, ಎಲ್ಲ ಈ ಬಳಗವೇ. ಆದರೆ ನಮ್ಮ ಹುಡುಗಿಯರು ಆ ದಾರಿಯದರ್ಧ, ಈ ದಾರಿಯದರ್ಧ ಹಿಡೀತಾರೆ. ಹಿಟ್ಟು ಒಂದೇ ಸಲ ಸುರೀತಾರೆ, ಆಮೇಲೆ ಕದಡ್ತಾರೆ. ಕೆಡದೆ ಇನ್ನೇನಾಗುತ್ತೆ?

ಬಸ್ಸಾರಿಗೆ ದಯವಿಟ್ಟು ಕುಕ್ಕರ್ ಇಡಬೇಡಿ. ಅದರ ಹೆಸರೇ ಬಸಿದ ಸಾರು. ಅಲಸಂದೆಯೋ ಹೆಸರುಕಾಳೋ ತೆರೆದ ಪಾತ್ರೆಯಲ್ಲಿ ಬೇಯಿಸಿ, ಕಾಳು ಮುಕ್ಕಾಲು ಬೆಂದ ಮೇಲೆ ದಂಟಿನ ಸೊಪ್ಪು ಹಾಕಿ, ಸೊಪ್ಪು ಕರಗದೆ ಬೇಯಲಿ. ಕಟ್ಟು ಬಸಿದುಕೊಳ್ಳಿ. ಬಸಿದ ಕಾಳು ಸೊಪ್ಪು ಒಗ್ಗರಣೆ, ಕಾಯಿತುರಿ ಹಾಕಿ ಪಲ್ಯ. ಅದರಲ್ಲೇ ಒಂದು ಹಿಡಿ ತೆಗೆದು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಸಾರಿನ ಪುಡಿ, ಹುಣಸೆ ಜೊತೆ ನುಣ್ಣಗೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿ. ಕಟ್ಟನ್ನು ಸಿಂಕಿಗೆ ಚೆಲ್ಲಿ ಬೇಳೆ ಸಾರು ಮಾಡಿದವಳನ್ನೂ ನೋಡಿದೀನಿ, ಹೊಟ್ಟೆ ಉರಿದುಹೋಯ್ತು. 2023ನೇ ಇಸವಿಯನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂದ ಮೇಲೆ ಎಲ್ಲರೂ ರಾಗಿ ಬಿಸ್ಕತ್ತು ಕೊಳ್ತಾರೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ ಅಂತ ನನಗೇ ಪಾಠ ಹೇಳ್ತಾರೆ. ಬಿಸ್ಕತ್ತಿನಲ್ಲಿ ಎಷ್ಟು ರಾಗಿ, ಎಷ್ಟು ಮೈದಾ ಅಂತ ಪಾಕೀಟು ತಿರುಗಿಸಿ ಓದಿ.

ಎರಡನೇ ಸುತ್ತು ತೊಳಸೋಕೆ ಮುಂಚೆಯೇ ಮನೆಯವರನ್ನು ಕರೆದು ಕೂರಿಸಿ. ಕಟ್ಟಿದ ಮುದ್ದೆ ಕಾಯಬಾರದು, ತಿನ್ನೋರು ಕಾಯಬೇಕು. ಉಳಿದರೆ ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಹಸಿ ಈರುಳ್ಳಿ ಹೆಚ್ಚಿ ಹಾಕಿ, ಎರಡು ಹರಳು ಉಪ್ಪು ಸೇರಿಸಿ ಕುಡೀರಿ. ಪಾತ್ರೆಗೆ ಮಾತ್ರ ರಾತ್ರಿಯೇ ತಣ್ಣೀರು ತುಂಬಿಡಿ. ತಳ ಹಿಡಿದ ಸೀಕು ಬೆಳಗ್ಗೆ ತಾನೇ ಬಿಟ್ಟಿರುತ್ತೆ, ಕಬ್ಬಿಣದ ನಾರು ಹಾಕಿ ಪಾತ್ರೆ ಗೀಚಬೇಡಿ.