ಹಳೇ 800ಗೆ ಹೊಸ ಆಂಟೆನಾ ಹಾಕಿದ ಕತೆ

ನಮ್ಮನೇಲಿರೋದು 1997ರ ಮಾರುತಿ 800, ಅಪ್ಪ ಸರ್ವೀಸಲ್ಲಿದ್ದಾಗ ತಗೊಂಡಿದ್ದು, ಮಾರೋದಕ್ಕೆ ಅವರು ಬಿಡಲ್ಲ, ನಂಗೂ ಮನಸ್ಸಿಲ್ಲ. ಅದರಲ್ಲಿ ಮುಳ್ಳು ಓಡಾಡೋ ಹಳೇ ಸೆಟ್ಟು, ಕ್ಯಾಸೆಟ್ ಭಾಗ ಕೆಟ್ಟು ಯಾವ ಕಾಲವಾಯ್ತೋ, ರೇಡಿಯೋ ಮಾತ್ರ ನಡೀತಿತ್ತು. ನಡೀತಿತ್ತು ಅಂದ್ರೆ ಹೆಂಗೆ, ಮೈಸೂರು ಊರೊಳಗೆ ನಮ್ಮ ಆಕಾಶವಾಣಿಯ ಎಫ್‌ಎಂ 100.6 ಚೆನ್ನಾಗೇ ಕೇಳೋದು, ಶ್ರೀರಂಗಪಟ್ಟಣದ ಹೊಳೆ ದಾಟಿದ್ರೆ ಬಾಣಲೇಲಿ ಸಾಸಿವೆ ಸಿಡಿದ ಹಾಗೆ ಬರೀ ಚಟಪಟ. ಎಎಂ (ಮೀಡಿಯಂ ವೇವ್) ಅಂತೂ ಕೇಳ್ಬೇಡಿ, ಬೆಂಗಳೂರು ಆಕಾಶವಾಣಿಯ 612 ಹಾಕಿದ್ರೆ ಆಕ್ಸಿಲರೇಟರ್ ಒತ್ತಿದಾಗೆಲ್ಲ ಕುಂಯ್ ಅಂತ ಎಂಜಿನ್ನೇ ಹಾಡ್ತಿತ್ತು.

ಇದು 2017ರ ಮಾತು. ಆಗ ತಿಂಗಳಿಗೆ ಎರಡು ಸಲನಾದ್ರೂ ಅಕ್ಕನ ಮನೆಗೆ ಅಂತ ಬೆಂಗಳೂರಿಗೆ ಹೋಗ್ತಿದ್ವಿ, ಅಪ್ಪಂಗೆ ಬೆಳಗಿನ ಪ್ರದೇಶ ಸಮಾಚಾರ ಬೇಕೇ ಬೇಕು, ಮೊಬೈಲಲ್ಲಿ ಹಾಕಿಕೊಡ್ತೀನಿ ಅಂದ್ರೆ ಬೇಡ ಅಂತಾರೆ. "ಆಕಾಶವಾಣಿ ಅನ್ನೋ ಹೆಸರು ಹುಟ್ಟಿದ್ದೇ ನಮ್ಮೂರಲ್ಲಿ ಕಣೋ, ಊರು ದಾಟಿದ್ರೆ ಅದೇ ಕೇಳಲ್ಲ ಅಂದ್ರೆ ಏನೋ ಅದು" ಅಂತ ಪ್ರತಿ ಸಲ ಅದೇ ಮಾತು. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೇಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಕೊಂಡು ಶುರು ಮಾಡಿದ್ದು, ಅದನ್ನ ಅಪ್ಪ ತಮ್ಮ ಸ್ವಂತ ಮಾವನ ಕತೆ ಹೇಳೋ ಥರ ಹೇಳ್ತಾರೆ. ಸರಿ, ಇದಕ್ಕೊಂದು ಗತಿ ಕಾಣಿಸೋಣ ಅಂತ ಕೂತೆ.

ಮೊದಲು ಮಾಡಿದ್ದು ದಡ್ಡ ಕೆಲಸ. ಮುಂದಿನ ಗಾಜಿನ ಬಲಗಡೆ ಪಿಲ್ಲರ್ ಮೇಲಿದ್ದ ಆಂಟೆನಾ ಕಡ್ಡಿ ಮೇಲಿನ ಎರಡು ಗೆಣ್ಣು ಮುರಿದು ಒಂದೂವರೆ ಅಡಿ ಉಳಿದಿತ್ತು, ಅದನ್ನ ನೋಡೋಕೆ ಬೇಜಾರಾಗಿ ಅಂಗಡೀಲಿ ಸಿಕ್ಕ, ಮೀನಿನ ರೆಕ್ಕೆ ಥರ ಇರೋ ಶಾರ್ಕ್ ಫಿನ್ ಆಂಟೆನಾ ಒಂದನ್ನ 250 ರೂಪಾಯಿ ಕೊಟ್ಟು ತಂದು ಟಾಪ್ ಮೇಲೆ ಅಂಟಿಸಿ ಅದರ ವೈರನ್ನ ಹಳೇ ಕೇಬಲ್‌ಗೆ ಸೇರಿಸಿದೆ. ನೋಡೋಕೆ ಚೆಂದ, ಕೇಳೋಕೆ ಮೊದಲಿಗಿಂತ ಕಡೆ. ಆಮೇಲೆ ಕಿತ್ತು ಬಿಚ್ಚಿ ನೋಡಿದ್ರೆ ಪ್ಲಾಸ್ಟಿಕ್ ಚಿಪ್ಪಿನ ಒಳಗೆ ಗೇಣುದ್ದ ವೈರು ಸುತ್ತಿಟ್ಟಿದ್ದಾರೆ, ಅಷ್ಟೇ! ಎಫ್‌ಎಂ ನಮ್ಮಲ್ಲಿ 88ರಿಂದ 108 ಮೆಗಾಹರ್ಟ್ಸ್, ನಡುವಿನ 100 ಲೆಕ್ಕ ಹಿಡಿದ್ರೆ ಒಂದು ಅಲೆ 3 ಮೀಟರ್ ಉದ್ದ, ಅದರ ಕಾಲುಭಾಗ 75 ಸೆಂಟಿಮೀಟರ್, ಅಂದ್ರೆ ಸುಮಾರು ಎರಡೂವರೆ ಅಡಿ. ಹಳೇ ಕಾರುಗಳ ಕಡ್ಡಿ ಪೂರ್ತಿ ಎಳೆದ್ರೆ ಹತ್ರಹತ್ರ ಅಷ್ಟೇ ಬರೋದಕ್ಕೆ ಕಾರಣ ಇದು. ಗೇಣುದ್ದದ್ದು ಅದಕ್ಕೆ ಸಮ ಬರ್ಬೇಕಂದ್ರೆ ಒಳಗೆ ಒಳ್ಳೇ ಆಂಪ್ಲಿಫೈಯರ್ ಬೇಕು, ಅದೂ ಸಿಗ್ನಲ್ ಜೊತೆ ಕರಕರೇನೂ ಸೇರಿಸಿ ದೊಡ್ಡದು ಮಾಡುತ್ತೆ.

ಇನ್ನೊಂದು ಕಡೆ ಕಾರ್ ಸ್ಟೀರಿಯೋ ಅಂಗಡಿಗೆ ತೋರಿಸಿದ್ರೆ, "ಸಾರ್ ಸೆಟ್ ಹೋಗಿದೆ, ಬ್ಲೂಟೂತ್ ಇರೋದು ಹಾಕಿಸಿಬಿಡಿ" ಅಂದ್ರು. ಸೆಟ್ ಹೋಗಿದೆಯೋ ಇಲ್ವೋ ನೋಡೋಕೆ ಖರ್ಚಿಲ್ಲದ ಒಂದು ಉಪಾಯ ಇದೆ. ಸೆಟ್ಟನ್ನ ಡ್ಯಾಶ್‌ಬೋರ್ಡಿಂದ ಹೊರಗೆಳೆದು, ಹಿಂದಿನ ಆಂಟೆನಾ ಪ್ಲಗ್ ಕಿತ್ತು, ಆ ಸಾಕೆಟ್‌ನ ನಡುವಿನ ತೂತಿಗೆ 75 ಸೆಂಟಿಮೀಟರ್ ವೈರ್ ತುರುಕಿ (ನಾನು ಹಾಕಿದ್ದು ಮನೇಲಿ ಬಿದ್ದಿದ್ದ ಕಾಲಿಂಗ್ ಬೆಲ್ ವೈರು) ಇನ್ನೊಂದು ತುದೀನ ಕಿಟಕಿ ಆಚೆ ನೇತುಹಾಕೋದು. ಹಾಕಿದ್ದೇ ತಡ 100.6 ಗಂಟೆ ಹೊಡೆದ ಹಾಗೆ ಬಂತು. ಸೆಟ್ಟು ಗಟ್ಟಿಮುಟ್ಟಾಗಿದೆ, ಮೋಸ ಇರೋದು ಆಚೆ.

ಆಮೇಲೆ ಮಲ್ಟಿಮೀಟರ್ ತಗೊಂಡೆ. ಕೇಬಲ್‌ನ ಪ್ಲಗ್ ಸೆಟ್ಟಿಂದ ಹೊರಗೇ ಇರ್ಬೇಕು, ಆಗ ಮೂರು ಕಡೆ ನೋಡ್ಬೇಕು: ಪ್ಲಗ್ಗಿನ ನಡುವಿನ ಪಿನ್ನಿಂದ ಮೇಲಿನ ಕಡ್ಡಿಗೆ ಸಂಪರ್ಕ ಇರ್ಬೇಕು, ಪಿನ್ನಿಂದ ಪ್ಲಗ್ಗಿನ ಹೊರಮೈಗೆ ಇರಲೇಬಾರದು, ಹೊರಮೈಯಿಂದ ಕಾರಿನ ಲೋಹದ ಮೈಗೆ (ಬಾಡಿ ಅರ್ತ್) ಸೊನ್ನೆ ಓಮ್ ಹತ್ರ ಬರ್ಬೇಕು. ನಮ್ಮದರಲ್ಲಿ ಮೂರೂ ಕೆಟ್ಟಿತ್ತು. ಕೇಬಲ್ ಅಲ್ಲಾಡಿಸಿದ್ರೆ ಒಂದು ಸಲ ಇದೆ ಒಂದು ಸಲ ಇಲ್ಲ, ಒಳಗೆ ಮಳೆನೀರು ಇಳಿದು ಪಿನ್ನಿಗೂ ಕೇಬಲ್‌ನ ಹೊರ ಜಾಲರಿಗೂ ಸೋರಿಕೆ, ಬಾಡಿ ಅರ್ತ್ 40 ಓಮ್ ಮೇಲೆ. ಬುಡದ ಸ್ಕ್ರೂ ಬಿಚ್ಚಿದ್ರೆ ಕೆಂಪು ಪುಡಿ ಉದುರ್ತು. ಕಡ್ಡಿ ಮುರಿದಿದ್ದೇ ರೋಗ ಅಂತ ನಾನು ಇಷ್ಟು ದಿನ ಅಂದ್ಕೊಂಡಿದ್ದೆ, ರೋಗ ಬುಡದಲ್ಲಿತ್ತು. ಆ ಕೊಳೆತ ಕೇಬಲ್‌ಗೇ ಶಾರ್ಕ್ ಫಿನ್ ವೈರ್ ಸೇರಿಸಿದ್ದೆ ನೋಡಿ, ಇನ್ನೇನು ಬರುತ್ತೆ.

ಹೊಸದು ಪಿಲ್ಲರ್‌ಗೆ ಕೂರೋ ಟೆಲಿಸ್ಕೋಪಿಕ್ ಆಂಟೆನಾ, ಕೇಬಲ್ ಸಮೇತ 350 ರೂಪಾಯಿ. ತಗೊಳೋವಾಗ ಕೇಬಲ್ ಉದ್ದ ಸೆಟ್ ತನಕ ಬರುತ್ತಾ ಅಂತ ದಾರದಲ್ಲಿ ಅಳತೆ ತಗೊಂಡೇ ಹೋಗಿದ್ದೆ, ಯಾಕಂದ್ರೆ ನಡುವೆ ಎಕ್ಸ್‌ಟೆನ್ಷನ್ ಹಾಕಿದ್ರೆ ಎಫ್‌ಎಂಗೆ ಅಷ್ಟಾಗಿ ಗೊತ್ತಾಗದೇ ಇದ್ರೂ ಎಎಂ ಸೊರಗುತ್ತೆ. 612 ಕಿಲೋಹರ್ಟ್ಸ್ ಅಲೆ ಅರ್ಧ ಕಿಲೋಮೀಟರ್ ಹತ್ರ ಉದ್ದ, ಅದರ ಮುಂದೆ ನಮ್ಮ ಕಡ್ಡಿ ಗುಂಡುಸೂಜಿ, ಅದು ಹಿಡಿಯೋ ಚೂರುಪಾರು ಸಿಗ್ನಲ್ಲನ್ನ ಕೇಬಲ್ಲೇ ನುಂಗಿಬಿಡುತ್ತೆ. ಕಾರ್ ರೇಡಿಯೋ ಕೇಬಲ್ ಒಳಗಿನ ತಂತಿ ಕೂದಲಷ್ಟು ಸಣ್ಣ ಇರೋದೂ ಇದೇ ಕಾರಣಕ್ಕೆ, ಟಿವಿ ಕೇಬಲ್ ದಪ್ಪ ಇದೆ ಅಂತ ಅದನ್ನ ಹಾಕೋಕೆ ಹೋಗ್ಬೇಡಿ.

ಭಾನುವಾರ ಬೆಳಗ್ಗೆ ತಿಂಡಿ ಆದ್ಮೇಲೆ ಬ್ಯಾಟರಿ ನೆಗೆಟಿವ್ ಬಿಚ್ಚಿ ಶುರು ಮಾಡ್ದೆ. ಹಳೇ ಕೇಬಲ್ ಪಿಲ್ಲರ್ ಒಳಗಿಂದ ಇಳಿದು ಡ್ರೈವರ್ ಬಲಗಾಲಿನ ಪಕ್ಕ ಹೊರಬರುತ್ತೆ, ಅದರ ಕೆಳ ತುದಿಗೆ ಗಟ್ಟಿ ದಾರ ಕಟ್ಟಿ ಮೇಲಿಂದ ಎಳೆದ್ರೆ ದಾರ ದಾರಿ ಹಿಡ್ಕೊಂಡಿರುತ್ತೆ, ಆಮೇಲೆ ಹೊಸ ಕೇಬಲ್ ಅದರ ಹಿಂದೆ ಇಳಿಸೋದು. ಹೇಳೋಕೆ ಸುಲಭ. ಇಪ್ಪತ್ತು ವರ್ಷದ ಕೇಬಲ್ ಒಳಗೆ ಎಲ್ಲೋ ಅಂಟ್ಕೊಂಡಿತ್ತು, ಜೋರಾಗಿ ಎಳೆದೆ, ಗಂಟು ಬಿಚ್ಚಿ ಕೇಬಲ್ ಮಾತ್ರ ಕೈಗೆ ಬಂತು. ಅಲ್ಲಿಂದ ಒಂದೂವರೆ ಗಂಟೆ ತಲೆ ಕೆಳಗೆ ಮಾಡ್ಕೊಂಡು ಪೆಡಲ್ ಹತ್ರ ಮಲಗಿದ್ದೇ ಕೆಲಸ, ಹೆಂಡತಿ ಎರಡು ಸಲ ಬಂದು "ರೀ, ಬದುಕಿದೀರಾ" ಅಂತ ಕೇಳಿ ಹೋದ್ಲು. ಕೊನೆಗೆ ಮಗನ ಸೈಕಲ್ಲಿನ ಹಳೇ ಬ್ರೇಕ್ ವೈರ್ ನೆನಪಾಯ್ತು, ಅದು ಬಾಗುತ್ತೆ ಆದ್ರೆ ಮುದುಡಲ್ಲ, ಮೇಲಿನ ತೂತಿಂದ ಬಿಟ್ರೆ ಮೂರನೇ ಸಲಕ್ಕೆ ಕೆಳಗೆ ಇಣುಕ್ತು. ಅದರ ಮೇಲ್ತುದಿಗೆ ಹೊಸ ಕೇಬಲ್ ಪ್ಲಗ್ಗನ್ನ ಇನ್ಸುಲೇಷನ್ ಟೇಪಲ್ಲಿ ನುಣ್ಣಗೆ ಸುತ್ತಿ ಎಳೆದೆ, ಬಂತು.

ಮೇಲೆ ಬುಡ ಕೂರಿಸಿ ಸ್ಕ್ರೂ ಬಿಗಿದು ಬ್ಯಾಟರಿ ಹಾಕಿ ರೇಡಿಯೋ ಹಚ್ಚಿದ್ರೆ ಎಫ್‌ಎಂ ಸೂಪರ್! ಎಎಂಗೆ ತಿರುಗಿಸಿದ್ರೆ ಅದೇ ಕುಂಯ್. ನನ್ನ ಮುಖ ನೋಡ್ಬೇಕಿತ್ತು. ಮೀಟರ್ ಇಟ್ರೆ ಬಾಡಿ ಅರ್ತೇ ಇಲ್ಲ, ಯಾಕಂದ್ರೆ ಬುಡದ ಕೆಳಗಿನ ಸಣ್ಣ ಲೋಹದ ಪಟ್ಟಿ ನೇರ ಪೇಂಟ್ ಮೇಲೆ ಕೂತಿತ್ತು, ಸ್ಕ್ರೂ ಹಿಡಿದಿದ್ದೂ ತುಕ್ಕನ್ನೇ. ಮತ್ತೆ ಬಿಚ್ಚಿ, ಪಟ್ಟಿ ಕೂರೋ ಅಷ್ಟೇ ಜಾಗದಲ್ಲಿ ಎಮರಿ ಶೀಟ್‌ನಿಂದ ತಗಡು ಹೊಳೆಯೋ ತನಕ ಉಜ್ಜಿ, ಹೊಸ ಸ್ಕ್ರೂ ಹಾಕಿ ಬಿಗಿದೆ, ಮೇಲೆ ತುಕ್ಕು ಹಿಡೀದೇ ಇರ್ಲಿ ಅಂತ ಚೂರು ವ್ಯಾಸಲೀನ್, ಸುತ್ತ ಸಿಲಿಕೋನ್. ಈಗ ಮೀಟರ್ ಅರ್ಧ ಓಮೂ ತೋರಿಸ್ಲಿಲ್ಲ, ಕುಂಯ್ ಮುಕ್ಕಾಲು ಭಾಗ ಹೋಯ್ತು. ಉಳಿದ ಕಾಲು ಭಾಗಕ್ಕೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬದಲಾಯಿಸ್ಬೇಕೇನೋ, ಈ ಸದ್ದು ತಗ್ಗಿಸೋ ರೆಸಿಸ್ಟರ್ ಇರೋದು ತರೋಣ ಅಂತೆಲ್ಲ ಲೆಕ್ಕ ಹಾಕ್ತಿದ್ದೆ, ಅಷ್ಟರಲ್ಲಿ ಸಿಗರೇಟ್ ಲೈಟರ್ ಸಾಕೆಟ್ಟಲ್ಲಿದ್ದ ಮೊಬೈಲ್ ಚಾರ್ಜರ್ ಕೈ ತಾಗಿ ಹೊರಗೆ ಬಂತು, ಪೂರ್ತಿ ನಿಶ್ಶಬ್ದ. ಆ ಚೀಪ್ ಚಾರ್ಜರೇ ಕಿರಿಚ್ತಾ ಇತ್ತು!

ಕೊನೇದು ಟ್ರಿಮ್ಮರ್. ಹೊಸ ಸೆಟ್‌ಗಳಲ್ಲಿ ಇರಲ್ಲ, ನಮ್ಮಂಥ ಹಳೇದರಲ್ಲಿ ಆಂಟೆನಾ ಸಾಕೆಟ್ ಹತ್ರ ಸಣ್ಣ ತೂತಲ್ಲಿ ಸೆಟ್ಟನ್ನ ಆಂಟೆನಾಗೆ ಹೊಂದಿಸೋ ಒಂದು ಸ್ಕ್ರೂ ಇರುತ್ತೆ, ಆಂಟೆನಾ ಬದಲಾಯಿಸಿದ್ರೆ ಅದನ್ನೂ ಮತ್ತೆ ಹೊಂದಿಸ್ಬೇಕು. ರಾತ್ರಿ ಎಎಂನಲ್ಲಿ 1400 ಕಿಲೋಹರ್ಟ್ಸ್ ಆಸುಪಾಸು ತೀರಾ ಕ್ಷೀಣವಾಗಿ ಬರ್ತಿದ್ದ ಯಾವುದೋ ಸ್ಟೇಷನ್ ಹಿಡಿದು, ಕಡ್ಡಿ ಪೂರ್ತಿ ಎಳೆದು, ಸಣ್ಣ ಸ್ಕ್ರೂಡ್ರೈವರಲ್ಲಿ ಕೂದಲೆಳೆಯಷ್ಟು ಆಕಡೆ ಈಕಡೆ ತಿರುಗಿಸಿ ಅತಿ ಜೋರಾಗಿ ಕೇಳೋ ಜಾಗದಲ್ಲಿ ಬಿಟ್ಟೆ. ಜೋರು ಸ್ಟೇಷನ್ ಇಟ್ಕೊಂಡು ಮಾಡಿದ್ರೆ ವ್ಯತ್ಯಾಸ ಕಿವಿಗೆ ಗೊತ್ತಾಗಲ್ಲ.

ಮುಂದಿನ ಶನಿವಾರ ಬೆಂಗಳೂರಿಗೆ ಹೊರಟ್ವಿ. ಶ್ರೀರಂಗಪಟ್ಟಣ ದಾಟ್ತು, ಅಪ್ಪ ಮಾತಾಡ್ಲಿಲ್ಲ. ಮಂಡ್ಯ ದಾಟ್ತು, 100.6 ಹಂಗೇ ಇದೆ. ಮದ್ದೂರಲ್ಲಿ ವಡೆಗೆ ನಿಲ್ಲಿಸ್ದಾಗಲೂ ಸ್ವಲ್ಪ ಕರಕರ ಜೊತೆ ಮಾತು ತಿಳೀತಿತ್ತು. ಚನ್ನಪಟ್ಟಣದಾಚೆ ಮಾತ್ರ ತಮಾಷೆ ಆಯ್ತು, ಬೆಂಗಳೂರಿನ ಶಾಸ್ತ್ರೀಯ ಸಂಗೀತದ ಸ್ಟೇಷನ್ ಅಮೃತವರ್ಷಿಣಿ 100.1, ನಮ್ಮ ಮುಳ್ಳಿನ ಡಯಲಲ್ಲಿ ಎರಡಕ್ಕೂ ನಡುವೆ ಒಂದು ಅಕ್ಕಿಕಾಳಿನ ಜಾಗ ಇಲ್ಲ, ಗುಂಡಿಗೆ ಬಿದ್ದು ಗಾಡಿ ಕುಲುಕಿದ ಏಟಿಗೆ ಮೈಸೂರಿನವರ ಮಾತು ಅರ್ಧಕ್ಕೆ ನಿಂತು ವೀಣೆ ಶುರುವಾಯ್ತು. ಸರಿ ಮಾಡೋಕೆ ಕೈ ಹಾಕಿದೆ, ಅಪ್ಪ "ಇರ್ಲಿ ಬಿಡೋ, ತೋಡಿ ರಾಗ" ಅಂದ್ರು.

ಈಗ ಗಾಡಿ ನಿಲ್ಲಿಸಿದ ಕೂಡ್ಲೆ ಕಡ್ಡಿ ಒಳಗೆ ತಳ್ಳೋದು ನನ್ನ ಕೆಲಸ, ಬೀದಿ ಮಕ್ಕಳು ಬಗ್ಗಿಸಿಬಿಡ್ತಾರೆ. ಹೊರಡೋವಾಗ ಎಳೆಯೋದು ಅಪ್ಪಂದು, ಸೀಟಲ್ಲಿ ಕೂರೋಕೆ ಮುಂಚೆ ಕರ್ಚೀಫಲ್ಲಿ ಒರೆಸಿ, ಒಂದೊಂದೇ ಗೆಣ್ಣು ಎಳೀತಾರೆ.