ಮೋಟರ್‌ಹೋಮ್ ಬುಕ್ ಮಾಡುವ ಮೊದಲು ಅದು ಎಷ್ಟು ಅಡಿ ಅಂತ ಕೇಳಿ

ಊರಿಂದ ಅಪ್ಪ-ಅಮ್ಮ ಬಂದ ಬೇಸಿಗೆಯಲ್ಲೇ ಇಲ್ಲಿ ಅಮೆರಿಕದಲ್ಲಿರುವ ನಮ್ಮವರಿಗೆ ಮೋಟರ್‌ಹೋಮ್, ಅಂದರೆ ಮನೆಯಂಥ ಗಾಡಿಯ ಆಸೆ ಹುಟ್ಟುವುದು. ದಾರಿಯಲ್ಲಿ ಬಾತ್‌ರೂಮ್ ಹುಡುಕಬೇಕಿಲ್ಲ, ಅಮ್ಮನಿಗೆ ಅನ್ನ-ಸಾರು ಮಾಡಲು ಒಲೆ ಇದೆ, ಮಕ್ಕಳಿಗೆ ಮೇಲಿನ ಮಂಚ. ಎಲ್ಲ ಸರಿ. ಆದರೆ ಬಹಳಷ್ಟು ಜನ ಮೊದಲು ಗಾಡಿ ಹಿಡಿಯುತ್ತಾರೆ, ಆಮೇಲೆ ನ್ಯಾಷನಲ್ ಪಾರ್ಕ್ ಒಳಗೆ ಜಾಗ ಹುಡುಕುತ್ತಾರೆ. ಇದು ಉಲ್ಟಾ ಆಗಬೇಕು.

ಅಮೆರಿಕದ ನ್ಯಾಷನಲ್ ಪಾರ್ಕ್‌ಗಳ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹೆಚ್ಚಿನವು ಹಳೆಯ ಕಾಲದವು. ಮರಗಳ ನಡುವೆ ಕಿರಿದಾದ ರಸ್ತೆ, ಗಾಡಿ ನಿಲ್ಲಿಸಲು ಗಿಡ್ಡ ಡ್ರೈವ್‌ವೇ. ಈಗಿನ ದೊಡ್ಡ ಗಾಡಿಗಳನ್ನು ಯಾರೂ ಆಗ ಊಹಿಸಿರಲಿಲ್ಲ. ಹಾಗಾಗಿ ಇಲ್ಲಿ ಬೆಲೆಗಿಂತ, ಹೊಳೆ ಪಕ್ಕದ ಸೈಟ್‌ಗಿಂತ (ಗಾಡಿ ನಿಲ್ಲಿಸಿ ತಂಗುವ ಜಾಗ), ಮೊದಲು ನೋಡಬೇಕಾದ್ದು ಗಾಡಿಯ ಉದ್ದ ಎಷ್ಟು ಅಡಿ ಅನ್ನುವುದು.

ನಮ್ಮ ಪರಿಚಯದ ಒಂದು ಮನೆಯವರ ಕತೆ ಕೇಳಿ. ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ನ ಮೇದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಆರು ತಿಂಗಳು ಮುಂಚೆಯೇ ಸೈಟ್ ಹಿಡಿದಿದ್ದರು. ಗಾಡಿ 25 ಅಡಿಯದು. ತೆಗೆದುಕೊಳ್ಳಲು ಹೋದ ದಿನ ಬಾಡಿಗೆ ಕಂಪನಿಯವರು, 'ನಿಮ್ಮ ಅದೃಷ್ಟ, ಫ್ರೀ ಅಪ್‌ಗ್ರೇಡ್' ಅಂತ 31 ಅಡಿಯ ಗಾಡಿ ಕೊಟ್ಟರು. ಖುಷಿಯಿಂದ ಸಹಿ ಹಾಕಿದರು. ಮೇದರ್‌ನಲ್ಲಿ ಮಿತಿ 30 ಅಡಿ. ರೇಂಜರ್ ಹೊರಗೆ ಬಂದರು, ಮುಂದಿನ ಬಂಪರ್‌ನಿಂದ ಹಿಂದಿನ ಏಣಿಯವರೆಗೆ ನಡೆದು ನೋಡಿದರು, ತಲೆ ಅಲ್ಲಾಡಿಸಿದರು. ಪಕ್ಕದಲ್ಲೇ ಇರುವ ಟ್ರೇಲರ್ ವಿಲೇಜ್‌ಗೆ 50 ಅಡಿಯ ಗಾಡಿಯೂ ಹೋಗುತ್ತದೆ, ಆದರೆ ಅಲ್ಲಿ ಒಂದು ಜಾಗವೂ ಖಾಲಿ ಇಲ್ಲ. ಕೊನೆಗೆ ಪಾರ್ಕ್ ಹೊರಗೆ ಖಾಸಗಿ ಜಾಗ ಹುಡುಕಿ ದುಪ್ಪಟ್ಟು ಕೊಟ್ಟರು. ಬುಕ್ ಮಾಡಿದ ಸೈಟಿನ ದುಡ್ಡೂ ಹೋಯಿತು. ಬರುವ ದಿನವೇ ರದ್ದು ಮಾಡಿದರೆ ಹತ್ತು ಡಾಲರ್ ಜೊತೆಗೆ ಮೊದಲ ರಾತ್ರಿಯ ಬಾಡಿಗೆ ಹಿಡಿದುಕೊಳ್ಳುತ್ತಾರೆ.

ಬಾಡಿಗೆ ಕರಾರಿನಲ್ಲಿ 'ಈ ಗಾಡಿ ಅಥವಾ ಇದೇ ತರಹದ್ದು' ಅನ್ನುವ ಒಂದು ಸಾಲು ಇರುತ್ತದೆ. ಬಲೆ ಇರುವುದು ಅಲ್ಲೇ. ಬುಕ್ ಮಾಡುವಾಗಲೇ ಫೋನ್ ಮಾಡಿ, 'ಇಷ್ಟು ಅಡಿಗಿಂತ ಉದ್ದ ಕೊಟ್ಟರೆ ನನಗೆ ಬೇಡ' ಅಂತ ಹೇಳಿ, ಅದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಉದ್ದ ಅಂದರೆ ಮೂತಿಯಿಂದ ಬಾಲದವರೆಗೆ. ಹಿಂದೆ ಸೈಕಲ್ ಸ್ಟ್ಯಾಂಡ್ ಹಾಕಿಸಿದರೆ ಅದೂ ಸೇರಿತು.

ಇನ್ನೊಂದು ಸೂಕ್ಷ್ಮ ಇದೆ. ಕ್ಯಾಂಪ್‌ಗ್ರೌಂಡಿನ ಮಿತಿ ಬೇರೆ, ನಿಮ್ಮ ಸೈಟಿನ ಮಿತಿ ಬೇರೆ. ಯೊಸೆಮಿಟಿ ಕಣಿವೆಯ ಲೋವರ್ ಪೈನ್ಸ್‌ನಲ್ಲಿ 40 ಅಡಿಯವರೆಗೆ, ಅಪ್ಪರ್ ಪೈನ್ಸ್‌ನಲ್ಲಿ 35 ಅಡಿಯವರೆಗೆ ಮೋಟರ್‌ಹೋಮ್ ಬಿಡುತ್ತಾರೆ ಅಂತ ಓದಿ ಸಿಕ್ಕಿದ ನಂಬರ್ ಒತ್ತಬೇಡಿ. ಎಲ್ಲ ಸೈಟೂ ಅಷ್ಟು ಉದ್ದ ಇಲ್ಲ. ಸರ್ಕಾರಿ ಬುಕಿಂಗ್ ತಾಣವಾದ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಒಂದೊಂದು ಸೈಟನ್ನೂ ತೆರೆದರೆ ಡ್ರೈವ್‌ವೇ ಎಷ್ಟು ಅಡಿ, ರಿವರ್ಸ್ ಹೋಗಬೇಕೋ ನೇರ ನುಗ್ಗಬಹುದೋ, ಎಲ್ಲ ಇರುತ್ತದೆ. ಫೋಟೋ ಇದ್ದರೆ ಅದನ್ನೂ ನೋಡಿ. ಡ್ರೈವ್‌ವೇ ಬಾಯಲ್ಲೇ ಒಂದು ಪೈನ್ ಮರ ನಿಂತಿದ್ದರೆ ಅಡಿ ಲೆಕ್ಕ ಸರಿ ಇದ್ದರೂ ಬೆವರು ಇಳಿಯುತ್ತದೆ.

ಆರು ಜನ ಇದ್ದೀವಿ, ದೊಡ್ಡದೇ ಬೇಕು ಅಂತೀರಾ? ನನ್ನ ಮಟ್ಟಿಗೆ 25 ಅಡಿಯ ಗಾಡಿ ಮತ್ತು ಮಕ್ಕಳಿಗೆ ಒಂದು ಟೆಂಟ್ ಜಾಣತನ. ಮೇದರ್‌ನಲ್ಲೂ ಯೊಸೆಮಿಟಿಯಲ್ಲೂ ಒಂದು ಸೈಟಿಗೆ ಆರು ಜನ ಇರಬಹುದು, ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ಎರಡು ಸಂಸಾರ ಒಂದೇ ಸೈಟಿನಲ್ಲಿ ಅಡ್ಜಸ್ಟ್ ಮಾಡಿಕೊಳ್ಳೋಣ ಅನ್ನುವ ನಮ್ಮೂರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯೆಲ್ಲೋಸ್ಟೋನ್‌ನ ಫಿಶಿಂಗ್ ಬ್ರಿಜ್ ಆರ್‌ವಿ (ಮೋಟರ್‌ಹೋಮ್‌ನಂಥ ಗಾಡಿಗಳ) ಪಾರ್ಕ್‌ನಲ್ಲಿ ಮಾತ್ರ ಟೆಂಟ್ ಆಸೆ ಬಿಡಿ. ಅದು ಕರಡಿ ಓಡಾಡುವ ಜಾಗ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ.

ಸೈಟ್ ಸಿಕ್ಕರೂ ರಸ್ತೆ ಬಿಡಬೇಕಲ್ಲ. ಯೂಟಾದ ಬ್ರೈಸ್ ಪಾರ್ಕ್ ನೋಡಿಕೊಂಡು ಪೂರ್ವದ ಗೇಟಿನಿಂದ ಝಯಾನ್ ಪಾರ್ಕ್‌ಗೆ ಇಳಿಯೋಣ ಅಂತ ಎಲ್ಲರೂ ನಕ್ಷೆ ಹಾಕುತ್ತಾರೆ. ನಡುವೆ 1930ರಲ್ಲಿ ತೆರೆದ ಒಂದು ಸುರಂಗ ಇದೆ. 7 ಅಡಿ 10 ಇಂಚು ಅಗಲ ಅಥವಾ 11 ಅಡಿ 4 ಇಂಚು ಎತ್ತರ ಮುಟ್ಟಿದ ಗಾಡಿಗೆ ಮೊದಲು 15 ಡಾಲರ್ ಪರ್ಮಿಟ್ ಕೊಟ್ಟು, ಎದುರಿನ ವಾಹನ ನಿಲ್ಲಿಸಿ ಬಿಡುತ್ತಿದ್ದರು. 2026ರ ಮಧ್ಯದಿಂದ ಅಂಥ ಗಾಡಿಗಳನ್ನು ಆ ದಾರಿಯಲ್ಲಿ ಬಿಡುವುದೇ ಇಲ್ಲ ಅಂತ ಪಾರ್ಕ್ ಪ್ರಕಟಿಸಿದೆ. ಬಾಡಿಗೆ ಮೋಟರ್‌ಹೋಮ್ ಬಹುತೇಕ ಈ ಅಳತೆ ಮೀರಿರುತ್ತದೆ. ಕನಾಬ್, ಫ್ರೆಡೋನಿಯಾ, ಹರಿಕೇನ್ ಸುತ್ತಿಕೊಂಡು ಸ್ಪ್ರಿಂಗ್‌ಡೇಲ್ ಕಡೆಯಿಂದ ಬನ್ನಿ. ಗ್ಲೇಸಿಯರ್ ಪಾರ್ಕ್‌ನ ಗೋಯಿಂಗ್ ಟು ದ ಸನ್ ರಸ್ತೆಯ ಮೇಲಿನ ಭಾಗಕ್ಕೆ 21 ಅಡಿ ದಾಟಿದ ಗಾಡಿ ಹೋಗುವಂತಿಲ್ಲ. ಸಿಕೋಯಾ ಪಾರ್ಕ್‌ನ ತಿರುವು ರಸ್ತೆಗೆ 22 ಅಡಿ ಮೇಲ್ಪಟ್ಟದ್ದು ಬೇಡ ಅಂತಲೇ ಹೇಳುತ್ತಾರೆ.

ಇನ್ನು ಕರೆಂಟು. ಯೊಸೆಮಿಟಿಯ ಯಾವ ಕ್ಯಾಂಪ್‌ಗ್ರೌಂಡ್‌ನಲ್ಲೂ ಹುಕ್‌ಅಪ್ (ಗಾಡಿಗೆ ಕರೆಂಟು, ನೀರು ಜೋಡಿಸುವ ವ್ಯವಸ್ಥೆ) ಇಲ್ಲ. ಮೇದರ್‌ನಲ್ಲೂ ಇಲ್ಲ. ಫ್ರಿಜ್ ಸಾಮಾನ್ಯವಾಗಿ ಗ್ಯಾಸ್ ಮೇಲೆ ಓಡುತ್ತದೆ, ದೀಪ ಬ್ಯಾಟರಿ ಮೇಲೆ. ಆದರೆ ಗೋಡೆಯ ಪ್ಲಗ್ ಸತ್ತಿರುತ್ತದೆ. ರೈಸ್ ಕುಕ್ಕರ್, ಮಿಕ್ಸಿ, ಎಸಿ ಎಲ್ಲ ಜನರೇಟರ್ ಹಾಕಿದಾಗ ಮಾತ್ರ. ಯೊಸೆಮಿಟಿಯಲ್ಲಿ ಅದಕ್ಕೆ ಸಮಯ ಬೆಳಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7. ಗಂಟೆಗಿಷ್ಟು ಅಂತ ಬಾಡಿಗೆಯವರು ಬೇರೆ ದುಡ್ಡು ಹಾಕುವುದೂ ಉಂಟು. ಸುಮ್ನೆ ಒಲೆ ಮೇಲಿಡುವ ಕುಕ್ಕರ್ ಮತ್ತು ಮನೆಯಲ್ಲೇ ಮಾಡಿದ ಚಟ್ನಿಪುಡಿ ಒಯ್ಯಿರಿ. ಚಳಿಗಾಲದ ರಾತ್ರಿ ಹೀಟರ್ ಗ್ಯಾಸ್‌ನಲ್ಲಿ ಉರಿದರೂ ಅದರ ಫ್ಯಾನ್ ಬ್ಯಾಟರಿ ತಿನ್ನುತ್ತದೆ. ಮಲಗುವ ಮುಂಚೆ ಎಲ್ಲರ ಫೋನ್ ಚಾರ್ಜರ್ ಕಿತ್ತುಬಿಡಿ.

ಕರೆಂಟ್ ಬೇಕೇ ಬೇಕು ಅಂದರೆ ಝಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನ ಎ ಮತ್ತು ಬಿ ಲೂಪ್ (ಸೈಟ್‌ಗಳ ಗುಂಪು) ಇವೆ. ಅಲ್ಲಿ ಜನರೇಟರ್ ಪೂರ್ತಿ ನಿಷೇಧ, ಅದಕ್ಕೇ ರಾತ್ರಿ ಶಾಂತ. ಟ್ರೇಲರ್ ವಿಲೇಜ್ ಮತ್ತು ಫಿಶಿಂಗ್ ಬ್ರಿಜ್‌ನಲ್ಲಿ ನೀರು, ಕರೆಂಟು, ಕೊಳಚೆ ಪೈಪು ಮೂರೂ ಇವೆ. ಇವೆರಡನ್ನೂ ನಡೆಸುವವರು ಗುತ್ತಿಗೆ ಕಂಪನಿಗಳು. ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಹುಡುಕಿ, ಇಲ್ಲ ಅಂತ ಕೈಬಿಡಬೇಡಿ, ಬುಕಿಂಗ್ ಬೇರೆ ಕಡೆ. ಈ ವಿಷಯದಲ್ಲಿ ನನಗೆ ಕೆನಡಾವೇ ಇಷ್ಟ. ಬ್ಯಾನ್ಫ್‌ನ ಟನಲ್ ಮೌಂಟನ್ ಟ್ರೇಲರ್ ಕೋರ್ಟ್‌ನಲ್ಲಿ ಮೂರೂ ಸೌಕರ್ಯ ಇದೆ, ಬುಕಿಂಗ್ ಪಾರ್ಕ್ಸ್ ಕೆನಡಾದ ತಾಣದಲ್ಲೇ. ಎರಡು ಕಡೆ ತಡಕಾಡುವ ಕರ್ಮ ಇಲ್ಲ.

ಎರಡು ಜಾಗದ ನಡುವೆ ಆರಿಸಬೇಕಾದಾಗ ನಾನು ನೋಡುವುದು ಒಂದೇ: ಗಾಡಿ ನಿಲ್ಲಿಸಿದ ಮೇಲೆ ಅದನ್ನು ಮತ್ತೆ ಅಲ್ಲಾಡಿಸದೆ ಊರು ನೋಡಬಹುದಾ? ವಾಚ್‌ಮನ್‌ನಿಂದ ನಡೆದೇ ಶಟಲ್ ಹತ್ತಬಹುದು. ಪೈನ್ಸ್ ಕ್ಯಾಂಪ್‌ಗ್ರೌಂಡ್‌ಗಳಿಗೆ ಯೊಸೆಮಿಟಿ ಕಣಿವೆಯ ಬಸ್ ಹತ್ತಿರ. ಮೇದರ್‌ಗೂ ಬಸ್ ಬರುತ್ತದೆ. ಮೂವತ್ತು ಅಡಿ ಗಾಡಿಗೆ ಪಾರ್ಕಿಂಗ್ ಹುಡುಕುತ್ತಾ ಅರ್ಧ ದಿನ ಕಳೆಯುವುದಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ?

ತಲುಪುವುದು ಬೆಳಕಿರುವಾಗಲೇ ಆಗಲಿ. ಬಂಡೀಪುರದ ಹಾಗೆ ರಾತ್ರಿ 9ಕ್ಕೆ ಗೇಟ್ ಹಾಕುವುದಿಲ್ಲ ನಿಜ. ಆದರೆ ಕ್ಯಾಂಪ್‌ಗ್ರೌಂಡ್‌ನಲ್ಲಿ ಬೀದಿದೀಪ ಇರುವುದಿಲ್ಲ. ಕತ್ತಲಲ್ಲಿ ಒಬ್ಬರು ಮೊಬೈಲ್ ಟಾರ್ಚ್ ಹಿಡಿದು 'ಬಾ ಬಾ ಬಾ' ಅಂತ ಕೂಗುತ್ತಾ ರಿವರ್ಸ್ ಹಾಕಿಸಿದರೆ ಸುತ್ತಲಿನ ಟೆಂಟೆಲ್ಲ ಎದ್ದು ಕೂರುತ್ತವೆ.

ಯೊಸೆಮಿಟಿ ಪೈನ್ಸ್ ಬುಕಿಂಗ್ ಐದು ತಿಂಗಳು ಮುಂಚೆ, ತಿಂಗಳ 15ನೇ ತಾರೀಕು, ಪೆಸಿಫಿಕ್ ಸಮಯ ಬೆಳಗ್ಗೆ 7ಕ್ಕೆ ತೆರೆಯುತ್ತದೆ. ನ್ಯೂಜೆರ್ಸಿಯವರಿಗೆ ಅದು 10 ಗಂಟೆ. ನಿಮಿಷಗಳಲ್ಲಿ ಖಾಲಿ. ಸಿಗದಿದ್ದರೆ ರಿಕ್ರಿಯೇಷನ್ ಡಾಟ್ ಗವ್‌ನಲ್ಲೇ ಅಲರ್ಟ್ ಹಾಕಿಡಿ. ರದ್ದಾದವು ಕೊನೆಯವರೆಗೂ ಒಂದೊಂದೇ ಬೀಳುತ್ತಿರುತ್ತವೆ. ಕ್ಯಾಂಪಿಂಗ್‌ಗೆ ಅರ್ಧ ಬೆಲೆ ಕೊಡಿಸುವ ಸೀನಿಯರ್ ಪಾಸ್ ಲೆಕ್ಕ ಹಾಕಿ ಬಜೆಟ್ ಮಾಡಬೇಡಿ. 62 ತುಂಬಿದ ಅಮೆರಿಕದ ಪೌರರಿಗೆ ಮತ್ತು ಗ್ರೀನ್‌ ಕಾರ್ಡ್ ಇರುವವರಿಗೆ ಮಾತ್ರ ಅದು. ವಿಸಿಟರ್ ವೀಸಾದಲ್ಲಿ ಬಂದ ಅಪ್ಪ-ಅಮ್ಮನಿಗೆ ಸಿಗುವುದಿಲ್ಲ.