ತಕಲಿ ಹಿಡಿದ ಅರಸ

ಅಂಗೈಗಿಂತ ಚಿಕ್ಕ ತಾಮ್ರದ ತಗಡಿನಲ್ಲಿ ಸಾರ್ಡನಪಾಲಸನನ್ನು ಕೆತ್ತಬೇಕೆಂದು ಕೂತೆ. ಅವನು ಭೋಗಕ್ಕೆ ಹೆಸರಾದ, ದಂತಕಥೆಯ ಅರಸ. ಪಶ್ಚಿಮ ಏಷ್ಯಾದ ಪ್ರಾಚೀನ ರಾಜ್ಯ ಅಸ್ಸೀರಿಯಾದ ಕೊನೆಯ ದೊರೆ ಹೆಣ್ಣುಡುಗೆ ಉಟ್ಟು, ಮುಖಕ್ಕೆ ಬಿಳುಪು ಬಳಿದುಕೊಂಡು, ಅಂತಃಪುರದಲ್ಲಿ ಉಣ್ಣೆ ನೂಲುತ್ತಿದ್ದನಂತೆ, ಸೋಲು ಖಚಿತವಾದಾಗ ಅರಮನೆಯ ಸಿರಿಯೊಂದಿಗೆ ತಾನೂ ಸುಟ್ಟುಕೊಂಡನಂತೆ ಎಂದು ಗ್ರೀಕ್ ಲೇಖಕ ಡಯೊಡೋರಸ್ ಬರೆದಿದ್ದಾನೆ. ಅಸ್ಸೀರಿಯಾದ ಶಾಸನಗಳಲ್ಲಿ ಇಂಥ ರಾಜನಿಲ್ಲ. ಈ ಹೆಸರಿನ ಹಿಂದೆ ಅಶುರ್‌ಬನಿಪಾಲ ಇದ್ದಾನೆ ಎನ್ನುತ್ತಾರೆ. ಆತ ರಾಜಧಾನಿ ನಿನೆವೆಯಲ್ಲಿ ಗ್ರಂಥಾಲಯ ಕೂಡಿಸಿದವನು!

ನನಗೆ ಮಾದರಿ 16ನೇ ಶತಮಾನದ ಜರ್ಮನಿಯ ಹಾನ್ಸ್ ಸೆಬಾಲ್ಡ್ ಬೆಹಾಮ್, ಆಲ್ಡೆಗ್ರೇವರ್ ಮೊದಲಾದ ಕೆತ್ತನೆಗಾರರು. ಕೆತ್ತಿದ ತಗಡಿನಿಂದ ಕಾಗದಕ್ಕೆ ತೆಗೆದ ಪುಟ್ಟ ಪುಟ್ಟ ಅಚ್ಚುಗಳಿಂದಾಗಿಯೇ ಅವರಿಗೆ ‘ಕಿರಿಯ ಗುರುಗಳು’ ಎಂಬ ಹೆಸರು ಬಂತು. ಅವರು ಕೆತ್ತಿದ ಅಲಂಕಾರದ ಬಳ್ಳಿಗಳನ್ನು ನೋಡಿ ಅಕ್ಕಸಾಲಿಗರು ಚಿನ್ನಬೆಳ್ಳಿಯಲ್ಲಿ ಕೆಲಸ ಮಾಡುತ್ತಿದ್ದರು.

ರಾಜನ ಆಕೃತಿ ಬೇಗ ಮುಗಿಯಿತು. ಅವನ ಸುತ್ತಲಿನ ಬಳ್ಳಿ ಸುಲಭಕ್ಕೆ ಬಗ್ಗಲಿಲ್ಲ. ಬ್ಯೂರಿನ್ ಉಳಿಯ ಹಿಡಿ ಅಂಗೈಗೆ ಒತ್ತಿರಬೇಕು, ಬೆರಳು ತಗಡಿಗೆ ತಾಗಿಕೊಂಡೇ ಇರಬೇಕು. ತಿರುವು ಬಂದಾಗ ಉಳಿಯನ್ನಲ್ಲ, ಮರಳು ತುಂಬಿದ ತೊಗಲಿನ ದಿಂಬಿನ ಮೇಲಿರುವ ತಗಡನ್ನೇ ತಿರುಗಿಸಬೇಕು. ಕೈ ಆತುರಪಟ್ಟರೆ ಗೆರೆ ಜಾರುತ್ತದೆ. ಉಳಿ ಸಾಗಿದ ಕಡೆ ಏಳುವ ಚೂಪು ಅಂಚನ್ನು ಆಗಾಗ ಹೆರೆದು ತೆಗೆಯದಿದ್ದರೆ ಮಸಿ ಅಲ್ಲೇ ನಿಂತು ಗೆರೆ ಮಸುಕಾಗುತ್ತದೆ. ಎಲೆಗಳು ಬೆಳ್ಳಗೆ ಎದ್ದು ಕಾಣಲೆಂದು ಹಿನ್ನೆಲೆಗೆಲ್ಲ ಅಡ್ಡಗೆರೆ, ಅದರ ಮೇಲೆ ಓರೆಗೆರೆ ಹಾಕಿದೆ. ಹದಿನೈದು ದಿನ ಅದೇ ಕೆಲಸ.

ಅಷ್ಟು ದಿನ ಯಾಕೆ ಕೊಟ್ಟೆ ಅಂದರೆ, ಬಳ್ಳಿ ತೆಗೆದರೆ ಅಲ್ಲಿ ಉಳಿಯುವುದು ನೂಲುತ್ತಿರುವ ಒಬ್ಬ ಮನುಷ್ಯ ಅಷ್ಟೇ. ನೂಲುವುದರಲ್ಲಿ ಭೋಗವೇನಿದೆ? ಸುತ್ತ ಸುರುಳಿ ಸುರುಳಿಯಾಗಿ ಹಬ್ಬಿ, ಹಣ್ಣು, ಮುಖವಾಡ, ಅರೆಮನುಷ್ಯ ಅರೆಎಲೆಯ ದೇಹಗಳನ್ನು ಹೊತ್ತ ಬಳ್ಳಿಯಲ್ಲಿ ಭೋಗವಿದೆ. ಅರಸ ಅದರೊಳಗೆ ಮುಳುಗಿರಬೇಕು.

ಮೊದಲ ಅಚ್ಚು ತೆಗೆದಾಗ ತಕಲಿ ಎಡಗೈಯಲ್ಲಿತ್ತು. ಅಚ್ಚು ಕನ್ನಡಿಯಂತೆ ತಿರುಗುತ್ತದೆಂದು ನಕ್ಷೆಯನ್ನು ಮಗುಚಿಯೇ ಇಳಿಸಿದ್ದೆ, ಆದರೆ ಕೈಗಳನ್ನು ಆಮೇಲೆ ನೇರವಾಗಿ ತಗಡಿನ ಮೇಲೆ ತಿದ್ದಿದ್ದೆ. ಆ ಜಾಗವನ್ನು ಹೆರೆದೆ, ಉಂಟಾದ ತಗ್ಗನ್ನು ಹಿಂದಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಮೇಲೆತ್ತಿದೆ, ನುಣುಪು ಮಾಡಿ ಮತ್ತೆ ಕೆತ್ತಿದೆ. ಮಸಿ ತುಂಬಿ, ಗಂಜಿಬಟ್ಟೆಯಲ್ಲಿ ಒರೆಸಿ, ಒದ್ದೆ ಕಾಗದ ಹಾಸಿ ರೋಲರಿನಡಿ ಓಡಿಸಿದೆ. ಕಾಗದ ಎತ್ತಿದಾಗ ತಕಲಿ ಬಲಗೈಯಲ್ಲಿತ್ತು. ಹೆರೆದ ಕಡೆ ಮಾತ್ರ ತೆಳ್ಳನೆಯ ಬೂದು ನೆರಳು ಉಳಿದಿದೆ, ಅರಸನ ಮಡಿಲಲ್ಲಿ.